ಅಂಚಿನಿಂದ ನಡುವಿಗೆ: ಹಳೆಯ ಒಂಟಿ ತೋಟಾ ರೈಫಲ್ ಕುರಿತು ಓದುಗರ ಪ್ರಶ್ನೆಗಳು

ಸ್ಟೀವನ್ಸ್ ಫೇವರಿಟ್, ರೆಮಿಂಗ್ಟನ್ ನಂ. 4, ಮಾರ್ಲಿನ್-ಬಲ್ಲಾರ್ಡ್, ವಿಂಚೆಸ್ಟರ್ ಲೋ ವಾಲ್. ಇವೆಲ್ಲ ಒಂದು ಸಲಕ್ಕೆ ಒಂದೇ ತೋಟಾ ಹಾಕುವ ಹಳೆಯ ಅಮೆರಿಕನ್ ರೈಫಲ್‌ಗಳು. ಇವುಗಳಲ್ಲಿ ಬಹಳಷ್ಟು ತಯಾರಾದದ್ದು ರಿಮ್‌ಫೈರ್ ತೋಟಾಗಳಿಗಾಗಿ, ಅಂದರೆ ತಳದ ಅಂಚಿಗೆ ಪಿನ್ ಬಡಿದಾಗ ಸಿಡಿಯುವ ತೋಟಾಗಳಿಗಾಗಿ. .22 ಒಂದು ಉಳಿದುಕೊಂಡಿತು, .25 ಸ್ಟೀವನ್ಸ್, .32, .38, .41 ಅಳತೆಯ ರಿಮ್‌ಫೈರ್‌ಗಳು ಅಂಗಡಿಯಿಂದ ಮರೆಯಾದವು. ರೈಫಲ್ ಗಟ್ಟಿಯಾಗಿದೆ, ತೋಟಾ ಇಲ್ಲ. ಹಾಗಾಗಿ ತಳದ ನಡುವೆ ಬಡಿದಾಗ ಸಿಡಿಯುವ ಸೆಂಟರ್‌ಫೈರ್‌ಗೆ ಬದಲಿಸುವ ಬಗ್ಗೆ ಬಂದ ಪತ್ರಗಳನ್ನು ಒಟ್ಟಿಗೆ ಇಟ್ಟು ಉತ್ತರಿಸುತ್ತಿದ್ದೇವೆ.

ಪ್ರಶ್ನೆ: ನನ್ನ ಬಳಿ .32 ಲಾಂಗ್ ರಿಮ್‌ಫೈರ್‌ನ ಸ್ಟೀವನ್ಸ್ ಫೇವರಿಟ್ ಇದೆ. ಫೈರಿಂಗ್ ಪಿನ್ನನ್ನು ಅಂಚಿನಿಂದ ನಡುವಿಗೆ ತಂದರೆ ಸಾಕೇ?

ಉತ್ತರ: ಸಾಲದು. ಪಿನ್ ಸರಿಯಬೇಕಾದ ದೂರ ನಿಜಕ್ಕೂ ಚಿಕ್ಕದು. .22 ತೋಟಾದಲ್ಲಿ ಪಿನ್ ಬಡಿಯುವ ಜಾಗ ನಡುವಿನಿಂದ ಸುಮಾರು 3.2 ಮಿ.ಮೀ., .32ರಲ್ಲಿ ಸುಮಾರು 4.4 ಮಿ.ಮೀ. ಅಷ್ಟೇ. ಈ ಸಣ್ಣ ಸಂಖ್ಯೆ ನೋಡಿಯೇ ಬಹಳ ಜನ ಕೆಲಸ ಸುಲಭ ಎಂದುಕೊಂಡು ರೈಫಲ್ ಕೆಡಿಸಿಕೊಳ್ಳುತ್ತಾರೆ. ಕಷ್ಟ ಇರುವುದು ಪಿನ್ನಿನಲ್ಲಲ್ಲ. ಚೇಂಬರಿಗೆ (ನಳಿಕೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ಯಾವ ಕೇಸು (ತೋಟಾದ ಲೋಹದ ಕವಚ) ಕೂರುತ್ತದೆ, ನಳಿಕೆಗೆ ಯಾವ ಗುಂಡು ಹೊಂದುತ್ತದೆ, ಆ ತೋಟಾದ ಒದೆತವನ್ನು ಚೇಂಬರಿನ ಹಿಂದೆ ಬಾಗಿಲಿನಂತೆ ಮುಚ್ಚುವ ಬ್ಲಾಕ್ ತಡೆಯುತ್ತದೆಯೇ ಎಂಬ ಮೂರು ಮಾತುಗಳಲ್ಲಿ.

ರಿಮ್‌ಫೈರ್ ಕೇಸಿನ ಅಂಚು ಒಳಗೆ ಟೊಳ್ಳು. ಸಿಡಿಯುವ ಮಸಾಲೆಯನ್ನು ಆ ಟೊಳ್ಳಿನೊಳಗೇ ತುಂಬಿರುತ್ತಾರೆ. ಪಿನ್ ಅಂಚನ್ನು ಜಜ್ಜಿದಾಗ ಮಸಾಲೆ ಹೊತ್ತಿಕೊಳ್ಳುತ್ತದೆ. ಜಜ್ಜಿಸಿಕೊಳ್ಳಬೇಕಾದ್ದರಿಂದ ಕೇಸಿನ ತಳ ತೆಳುವಾಗಿಯೇ ಇರಬೇಕು, ತಳ ತೆಳುವಾದ್ದರಿಂದ ಒತ್ತಡವೂ ಮಿತಿಯಲ್ಲಿರಬೇಕು. ಇಡೀ ರೈಫಲ್ಲನ್ನು ಆ ಮಿತಿಗೆ ತಕ್ಕಂತೆ ಕಟ್ಟಿದ್ದಾರೆ. ಸೆಂಟರ್‌ಫೈರ್ ಕೇಸಿನ ತಳ ದಪ್ಪ, ನಡುವೆ ಬೇರೆಯೇ ಒಂದು ಪ್ರೈಮರ್, ಅಂದರೆ ಮಸಾಲೆ ತುಂಬಿದ ಪುಟ್ಟ ಬಟ್ಟಲು. ಆ ಕೇಸು ಬಹಳ ಹೆಚ್ಚಿನ ಒತ್ತಡ ತಾಳುತ್ತದೆ, ನಿಮ್ಮ ರೈಫಲ್ ತಾಳುವುದಿಲ್ಲ.

ನಿಮ್ಮ ಅದೃಷ್ಟಕ್ಕೆ .32 ಲಾಂಗ್ ರಿಮ್‌ಫೈರ್‌ಗೆ ಹತ್ತಿರದ ಒಂದು ಸೆಂಟರ್‌ಫೈರ್ ನಂಟಿದೆ: .32 ಲಾಂಗ್ ಕೋಲ್ಟ್. ಎರಡರ ಕೇಸಿನ ವ್ಯಾಸವೂ ಸುಮಾರು 0.318 ಇಂಚು. ಚೇಂಬರನ್ನು ಕೊರೆದು ಹಿಗ್ಗಿಸುವ ರೀಮರ್ ಮುಟ್ಟಿಸದೆಯೇ ಹೆಚ್ಚಿನ ರೈಫಲ್‌ಗಳಲ್ಲಿ ಅದು ಕೂರುತ್ತದೆ. ಇದಕ್ಕಿಂತ ಸುಲಭವಾಗಿ ಸಿಗುವುದು .32 ಎಸ್ ಅಂಡ್ ಡಬ್ಲ್ಯು ಲಾಂಗ್, ಆದರೆ ಅದರ ಕೇಸು 0.337 ಇಂಚು. ಅದನ್ನು ಕೂರಿಸಬೇಕಾದರೆ ಚೇಂಬರನ್ನು ಕೊರೆದು ದೊಡ್ಡದು ಮಾಡಬೇಕು. ಒಮ್ಮೆ ಕೊರೆದ ಉಕ್ಕು ಮರಳಿ ಬರುವುದಿಲ್ಲ. ತೋಟಾ ಸಿಗುವ ಅನುಕೂಲಕ್ಕಾಗಿ ಮೂಲ ಚೇಂಬರನ್ನು ಬಲಿಕೊಡಬೇಡಿ ಎಂಬುದೇ ನಮ್ಮ ಖಚಿತ ಸಲಹೆ.

ಇನ್ನು ಗುಂಡಿನ ವಿಚಾರ. ಹಳೆಯ .32 ರಿಮ್‌ಫೈರ್ ಗುಂಡು ಕೇಸಿನಷ್ಟೇ ದಪ್ಪ. ಅದರ ಹಿಂಬದಿ ಮಾತ್ರ ಹಿಮ್ಮಡಿಯಂತೆ ಕಿರಿದಾಗಿ ಕೇಸಿನೊಳಗೆ ಕೂರುತ್ತಿತ್ತು, ಎಣ್ಣೆ-ಮೇಣ ಹೊರಗೇ ಅಂಟಿರುತ್ತಿತ್ತು. .32 ಲಾಂಗ್ ಕೋಲ್ಟ್ ಕೂಡ ಮೊದಲು ಹೀಗೇ ಇತ್ತು. ಆಮೇಲೆ ಕಾರ್ಖಾನೆಗಳು ಸುಮಾರು 0.299 ಇಂಚಿನ ಗುಂಡನ್ನು ಕೇಸಿನೊಳಗೆ ಇಳಿಸಿ, ತಳದಲ್ಲಿ ಟೊಳ್ಳು ಮಾಡಿದವು. ಆ ಟೊಳ್ಳು ಅನಿಲದ ಒತ್ತಡಕ್ಕೆ ಅರಳಿ ನಳಿಕೆಯನ್ನು ತುಂಬಬೇಕು. ಅರಳದಿದ್ದರೆ ಅನಿಲ ಪಕ್ಕದಿಂದ ನುಗ್ಗುತ್ತದೆ, ನಳಿಕೆಯಲ್ಲಿ ಸೀಸ ಮೆತ್ತಿಕೊಳ್ಳುತ್ತದೆ, ಗುಂಡು ಗುರಿಯ ಕಾಗದಕ್ಕೆ ಅಡ್ಡಡ್ಡ ಬಡಿಯುತ್ತದೆ. ಕಾಗದದಲ್ಲಿ ದುಂಡನೆಯ ತೂತಿನ ಬದಲು ಉದ್ದನೆಯ ಸೀಳು ಕಂಡರೆ ರೋಗ ಇದೇ. ಹಿಮ್ಮಡಿಯುಳ್ಳ, ನಿಮ್ಮ ನಳಿಕೆಯ ಅಳತೆಯ ಮೆತ್ತನೆ ಸೀಸದ ಗುಂಡೇ ಇದಕ್ಕೆ ಮದ್ದು.

ಪ್ರಶ್ನೆ: ಚೇಂಬರ್ ಮತ್ತು ನಳಿಕೆಯ ಅಳತೆ ಮನೆಯಲ್ಲೇ ತೆಗೆಯಬಹುದೇ? ನಳಿಕೆಯ ಮೇಲೆ ಕೊರೆದಿರುವ ಹೆಸರನ್ನು ನಂಬಿದರೆ ಸಾಲದೇ?

ಉತ್ತರ: ನಂಬಬೇಡಿ. ನೂರು ವರ್ಷದಲ್ಲಿ ಆ ರೈಫಲ್ ಎಷ್ಟು ಕೈ ದಾಟಿದೆಯೋ, ಯಾರು ಕೊರೆದಿದ್ದಾರೋ, ಯಾರು ನಳಿಕೆ ಬದಲಿಸಿದ್ದಾರೋ ಹೊರಗಿನ ಅಕ್ಷರ ಹೇಳುವುದಿಲ್ಲ. ಅಳತೆ ತೆಗೆಯುವುದರಿಂದ ರೈಫಲ್ಲಿಗೆ ಯಾವ ಹಾನಿಯೂ ಇಲ್ಲ. ಮುಂದಿನ ಎಲ್ಲ ತೀರ್ಮಾನವೂ ಇದರ ಮೇಲೆ ನಿಂತಿದೆ.

ಮೊದಲು ಚೇಂಬರ್ ಖಾಲಿ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ಚೇಂಬರಿನ ಅಚ್ಚು ತೆಗೆಯಲು ಸೆರೋಸೇಫ್ ಎಂಬ ಮಿಶ್ರಲೋಹ ಸಿಗುತ್ತದೆ. 70ರಿಂದ 88 ಡಿಗ್ರಿ ಸೆಲ್ಸಿಯಸ್ಸಿನೊಳಗೆ ಕರಗುತ್ತದೆ, ಅಂದರೆ ಕುದಿಯುವ ನೀರಿನೊಳಗಿಟ್ಟ ಪಾತ್ರೆ ಸಾಕು, ನೇರ ಉರಿ ಬೇಡ. ಅದರಲ್ಲಿ ಸೀಸ, ಕ್ಯಾಡ್ಮಿಯಂ ಎರಡೂ ಇವೆ. ಅಡುಗೆ ಪಾತ್ರೆ ಬಳಸಬೇಡಿ, ಗಾಳಿಯಾಡುವ ಕಡೆ ಕೂತು ಮಾಡಿ. ಚೇಂಬರನ್ನು ಪೂರ್ತಿ ತೊಳೆದು ಒಣಗಿಸಿ, ಎಣ್ಣೆಯ ತೆಳು ಪಸೆಯಷ್ಟೇ ಸವರಿ. ಚೇಂಬರ್ ಮುಗಿದು ಒಂದಿಂಚು ಮುಂದೆ ನಳಿಕೆಯಲ್ಲಿ ಬಟ್ಟೆಯ ಬಿರಡೆ ಬಿಗಿಯಾಗಿ ಕೂರಿಸಿ. ಕರಗಿದ ಲೋಹವನ್ನು ಒಂದೇ ಧಾರೆಯಲ್ಲಿ ಹೊಯ್ಯಿರಿ. ಹಾರಿಸಿದ ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಕೂರುವ ತೋಡಿಗೆ ಹರಿಯಲು ಬಿಟ್ಟರೆ ಅಚ್ಚು ಅಲ್ಲಿ ಕಚ್ಚಿಕೊಳ್ಳುತ್ತದೆ.

ಈ ಲೋಹ ತಣಿಯುವಾಗ ಮೊದಲ ಅರ್ಧ ಗಂಟೆ ಕುಗ್ಗುತ್ತದೆ, ಆಮೇಲೆ ಹಿಗ್ಗತೊಡಗುತ್ತದೆ. ಕುಗ್ಗಿರುವಾಗಲೇ ಮುಂಬದಿಯಿಂದ ಮರದ ಕೋಲಿನಿಂದ ಮೆಲ್ಲಗೆ ತಳ್ಳಿ ಹೊರತೆಗೆಯಿರಿ. ಹೊಯ್ದು ಒಂದು ಗಂಟೆಗೆ ಅಚ್ಚು ಚೇಂಬರಿನ ನಿಜವಾದ ಅಳತೆಗೆ ಬರುತ್ತದೆ. ಮೈಕ್ರೋಮೀಟರ್ ಹಿಡಿಯಬೇಕಾದದ್ದು ಆಗ. ನಾಳೆ ನೋಡೋಣವೆಂದು ಬಿಟ್ಟರೆ ಅಚ್ಚು ಹಿಗ್ಗುತ್ತಲೇ ಹೋಗಿ, ಸುಮಾರು 200 ಗಂಟೆಯಲ್ಲಿ 0.0025 ಇಂಚಿನಷ್ಟು ದೊಡ್ಡದಾಗಿ ಸುಳ್ಳು ಹೇಳುತ್ತದೆ.

ನಳಿಕೆಗೆ ಅಪ್ಪಟ ಸೀಸದ ಸಣ್ಣ ಉಂಡೆ ಬೇಕು. ನಳಿಕೆಗೆ ಎಣ್ಣೆ ಸವರಿ, ಉಂಡೆಯನ್ನು ಮರದ ಸುತ್ತಿಗೆಯಿಂದ ಬಾಯಿಯಲ್ಲಿ ಕೂರಿಸಿ, ಹಿತ್ತಾಳೆ ಕೋಲಿನಿಂದ ಪೂರ್ತಿ ತಳ್ಳಿ. ತಳ್ಳುವಾಗ ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನು ಕೈಯೇ ಹೇಳುತ್ತದೆ. ನಡುವೆ ಒಮ್ಮೆಲೇ ಸಡಿಲವಾದರೆ ಅಲ್ಲಿ ನಳಿಕೆ ಉಬ್ಬಿದೆ ಎಂದರ್ಥ. ಹೊರಬಂದ ಉಂಡೆಯ ಅತಿ ದಪ್ಪ ಭಾಗವೇ ನಳಿಕೆಯೊಳಗಿನ ಸುರುಳಿ ತೋಡುಗಳಲ್ಲಿ ಒಂದು ತೋಡಿನ ತಳದಿಂದ ಎದುರಿನ ತೋಡಿನ ತಳಕ್ಕಿರುವ ವ್ಯಾಸ. ತೋಡುಗಳ ಸಂಖ್ಯೆ ಬೆಸವಾಗಿದ್ದರೆ ಸಾದಾ ಕ್ಯಾಲಿಪರ್ ಕಡಿಮೆ ತೋರಿಸುತ್ತದೆ, ಏಕೆಂದರೆ ಒಂದು ತೋಡಿನ ಎದುರು ಇನ್ನೊಂದು ತೋಡು ಇರುವುದಿಲ್ಲ. ಅಂಥ ಉಂಡೆಯನ್ನು ವಿ ಆಕಾರದ ಮೈಕ್ರೋಮೀಟರ್ ಇರುವ ಕುಶಲಕರ್ಮಿಯ ಬಳಿ ಒಯ್ಯಿರಿ.

ಪ್ರಶ್ನೆ: ಹಳೆಯ ಬ್ಲಾಕಿನ ತೂತು ಮುಚ್ಚಿ ನಡುವೆ ಹೊಸ ತೂತು ಕೊರೆಯುವುದೋ, ಹೊಸ ಬ್ಲಾಕ್ ಮಾಡಿಸುವುದೋ?

ಉತ್ತರ: ಹೊಸ ಬ್ಲಾಕ್. ಇದರಲ್ಲಿ ನಮಗೆ ಎರಡನೆಯ ಮಾತಿಲ್ಲ. ಮೂಲ ಬ್ಲಾಕ್, ಮೂಲ ಪಿನ್, ಮೂಲ ತಿರುಪುಗಳನ್ನು ಎಣ್ಣೆ ಸವರಿ, ಚೀಟಿ ಬರೆದು, ರೈಫಲ್ಲಿನ ಜೊತೆಯಲ್ಲೇ ಇಡಿ. ನಾಳೆ ಮನಸ್ಸು ಬದಲಾದರೆ ಹತ್ತು ನಿಮಿಷದಲ್ಲಿ ರೈಫಲ್ ಮೊದಲಿನಂತಾಗುತ್ತದೆ.

ಹಳೆಯ ಬ್ಲಾಕನ್ನೇ ಮಾರ್ಪಡಿಸಿದರೆ ಏನೇನಾಗುತ್ತದೆ ನೋಡಿ. ಇವುಗಳ ಮೇಲ್ಮೈಗೆ ಮಾತ್ರ ಗಡಸುತನ ಕೊಟ್ಟಿರುತ್ತಾರೆ. ಹಳೆಯ ತೂತಿಗೆ ವೆಲ್ಡಿಂಗ್ ಹೊಡೆದರೆ ಶಾಖಕ್ಕೆ ಗಡಸುತನ ಹೋಗುತ್ತದೆ, ಬ್ಲಾಕ್ ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ, ಆ ಕೂದಲೆಳೆಯೇ ಬಾಗಿಲು ಸರಿಯಾಗಿ ಮುಚ್ಚದಿರಲು ಸಾಕು. ಬಿರಡೆಯನ್ನು ಬರೀ ಬಡಿದು ಕೂರಿಸಿದರೆ ಪ್ರತಿ ಹೊಡೆತಕ್ಕೂ ಕೇಸು ಅದನ್ನು ಹಿಂದಕ್ಕೆ ನೂಕುತ್ತದೆ. ಇದಕ್ಕಿಂತ ದೊಡ್ಡ ತೊಂದರೆ ಓರೆ ಪಿನ್. ಪಿನ್ನನ್ನು ಬಡಿಯುವ ಸುತ್ತಿಗೆಗೆ ಕುದುರೆ ಎನ್ನುತ್ತಾರೆ; ಅದು ಬಡಿಯುವ ಜಾಗ ಹಳೆಯದೇ, ಪಿನ್ನಿನ ತುದಿ ಮಾತ್ರ ನಡುವಿಗೆ ಬರಬೇಕು. ಹಾಗಾಗಿ ಪಿನ್ ಓರೆಯಾಗಿ ಓಡುತ್ತದೆ, ಬಡಿತದ ಒಂದಷ್ಟು ಶಕ್ತಿ ತೂತಿನ ಗೋಡೆಗೆ ಉಜ್ಜಿಯೇ ಸವೆಯುತ್ತದೆ, ಪ್ರೈಮರ್ ಒಮ್ಮೆ ಹೊತ್ತಿದರೆ ಒಮ್ಮೆ ಹೊತ್ತುವುದಿಲ್ಲ.

ಕೆಲಸವನ್ನು ಪರವಾನಗಿಯುಳ್ಳ ಬಂದೂಕು ಕುಶಲಕರ್ಮಿಗೇ ಒಪ್ಪಿಸಿ. ಒಪ್ಪಿಸುವಾಗ ಏನು ಕೇಳಬೇಕು, ಮರಳಿ ಪಡೆದಾಗ ಏನು ಪರೀಕ್ಷಿಸಬೇಕು ಎಂಬುದು ನಿಮಗೆ ಗೊತ್ತಿರಲಿ. ಪಿನ್ನಿನ ತುದಿ ಅರ್ಧಗೋಳದಂತೆ ನುಣುಪಾಗಿ ದುಂಡಗಿರಬೇಕು. ರಿಮ್‌ಫೈರ್ ಪಿನ್ನಿನ ಉಳಿಯಂಥ ಚಪ್ಪಟೆ ತುದಿ ಪ್ರೈಮರನ್ನು ಕತ್ತರಿಸಿ ತೂತು ಮಾಡುತ್ತದೆ. ತುದಿಯ ವ್ಯಾಸ 1.5ರಿಂದ 1.9 ಮಿ.ಮೀ., ಬ್ಲಾಕಿನ ಮುಖದಿಂದ ಹೊರಚಾಚು 1.3ರಿಂದ 1.5 ಮಿ.ಮೀ. ಇರಲಿ. ಬ್ಲಾಕಿನ ತೂತು ಪಿನ್ನಿಗೆ ಹೊಂದಿಕೊಂಡಿರಬೇಕು. ದೊಡ್ಡದಾದರೆ ಪ್ರೈಮರಿನ ಮೆತ್ತನೆ ಲೋಹ ತೂತಿನೊಳಗೆ ಉಬ್ಬಿ ಬಾಗಿಲಿಗೆ ಕಚ್ಚಿಕೊಂಡು, ಬಾಗಿಲು ತೆರೆಯುವ ಲಿವರ್ ಬಿಗಿಯಾಗುತ್ತದೆ. ಸಣ್ಣ ಪ್ರೈಮರಿನ ಅಗಲವೇ ಬರೀ 4.45 ಮಿ.ಮೀ., ಆದ್ದರಿಂದ ಬಡಿತ ನಡುವಿನಿಂದ ಅರ್ಧ ಮಿಲಿಮೀಟರಿಗಿಂತ ಆಚೆ ಹೋಗಬಾರದು.

ಎಲ್ಲಕ್ಕಿಂತ ಮುಖ್ಯ, ಪಿನ್ ತಾನಾಗಿ ಹಿಂದೆ ಸರಿಯಬೇಕು. ರಿಮ್‌ಫೈರ್‌ನಲ್ಲೂ ಇದು ಬೇಕು, ಸೆಂಟರ್‌ಫೈರ್‌ನಲ್ಲಿ ಬಿಡುವಂತೆಯೇ ಇಲ್ಲ. ಹೊರಚಾಚಿ ಸಿಕ್ಕಿಕೊಂಡ ಪಿನ್, ಬಾಗಿಲು ಮುಚ್ಚುವಾಗಲೇ ಪ್ರೈಮರಿಗೆ ತಗುಲಿ, ಬ್ಲಾಕ್ ಇನ್ನೂ ಪೂರ್ತಿ ಕೂರುವ ಮುನ್ನವೇ ತೋಟಾ ಸಿಡಿಯಬಹುದು. ಖಾಲಿ ರೈಫಲ್ಲಿನಲ್ಲಿ ಕುದುರೆಯನ್ನು ಹಿಂದೆಳೆದು, ಬ್ಲಾಕಿನ ಮುಖದ ಮೇಲೆ ಬೆರಳುಗುರು ಆಡಿಸಿ. ಏನೂ ತಡೆಯಬಾರದು.

ಏನನ್ನೂ ಕೊರೆಯದ ಮೂರನೆಯ ದಾರಿಯೂ ಒಂದಿದೆ. ಮೂಲ ರಿಮ್‌ಫೈರ್ ಪಿನ್ ಬಡಿಯುವ ಜಾಗಕ್ಕೇ ಪ್ರೈಮರ್ ಬರುವಂತೆ, ಅಂಚಿನ ಕಡೆಗೆ ಸರಿಸಿದ ಗುಂಡಿಯುಳ್ಳ ಕೇಸುಗಳನ್ನು ಕಡೆಯಿಸುತ್ತಾರೆ. ಪ್ರತಿ ಸಲವೂ ಕೇಸನ್ನು ಗುರುತು ನೋಡಿ ಸರಿಯಾದ ದಿಕ್ಕಿಗೆ ಕೂರಿಸಬೇಕು, ಕೆಲಸ ನಿಧಾನ. ಅಪರೂಪದ, ಒಳ್ಳೆಯ ಸ್ಥಿತಿಯ ರೈಫಲ್ಲಿಗೆ ಇದಕ್ಕಿಂತ ಮರ್ಯಾದೆಯ ದಾರಿ ಇಲ್ಲ. ವರ್ಷಕ್ಕೆ ಹತ್ತಿಪ್ಪತ್ತು ಗುಂಡು ಹಾರಿಸುವವರಿಗೆ ಇಷ್ಟೇ ಸಾಕು.

ಪ್ರಶ್ನೆ: .22 ಫೇವರಿಟ್ಟನ್ನು .22 ಹಾರ್ನೆಟ್‌ಗೆ ಬದಲಿಸಬೇಕೆಂದಿದ್ದೇನೆ. ನಳಿಕೆ ಹೇಗೂ .22 ತಾನೆ?

ಉತ್ತರ: ದಯವಿಟ್ಟು ಮಾಡಬೇಡಿ. ಹೆಸರಿನಲ್ಲಿ .22 ಇದ್ದ ಮಾತ್ರಕ್ಕೆ ಎರಡೂ ಒಂದಲ್ಲ, ಹಾರ್ನೆಟ್ ಹೆಚ್ಚು ಒತ್ತಡದ ಸೆಂಟರ್‌ಫೈರ್ ತೋಟಾ.

ಬ್ಲಾಕಿನ ಮೇಲೆ ಬೀಳುವ ಒದೆತವನ್ನು ಹೀಗೆ ಅಂದಾಜು ಮಾಡಬಹುದು: ಅತಿ ಹೆಚ್ಚಿನ ಒತ್ತಡವನ್ನು ಕೇಸಿನ ತಳದ ವಿಸ್ತೀರ್ಣದಿಂದ ಗುಣಿಸಿ. .22 ಲಾಂಗ್ ರೈಫಲ್ಲಿನ ಮಿತಿ ಚದರ ಇಂಚಿಗೆ 24,000 ಪೌಂಡು, ಕೇಸಿನ ವ್ಯಾಸ 0.226 ಇಂಚು. ಒದೆತ ಸುಮಾರು 960 ಪೌಂಡು. .32 ಎಸ್ ಅಂಡ್ ಡಬ್ಲ್ಯು ಲಾಂಗ್‌ನ ಮಿತಿ 15,000, ತಳ ಅಗಲ, ಒದೆತ ಸುಮಾರು 1,340 ಪೌಂಡು. ಒತ್ತಡ ಕಡಿಮೆಯಿದ್ದರೂ ಒದೆತ ಹೆಚ್ಚು ಎಂಬುದನ್ನು ಗಮನಿಸಿ. ಹಾರ್ನೆಟ್‌ನ ಮಿತಿ 49,000, ತಳದ ವ್ಯಾಸ 0.298 ಇಂಚು, ಒದೆತ ಸುಮಾರು 3,400 ಪೌಂಡು. ಅಂದರೆ ಆ ಪುಟ್ಟ ಬ್ಲಾಕ್ ಇಷ್ಟು ವರ್ಷ ತಡೆದದ್ದರ ಮೂರೂವರೆ ಪಟ್ಟು.

ಫೇವರಿಟ್‌ನಲ್ಲಿ ಆ ಒದೆತವನ್ನೆಲ್ಲ ತಡೆಯುವುದು ಒಂದು ಸಣ್ಣ ಕೊಂಡಿ, ಬೆರಳಿಗಿಂತ ತೆಳುವಾದ ತಿರುಪುಗಳು. ಹುಡುಗರ ಕೈಗೆಂದು ಹಗುರವಾಗಿ ಕಟ್ಟಿದ ರೈಫಲ್ ಅದು. ವಿಂಚೆಸ್ಟರ್ ಲೋ ವಾಲ್‌ಗಳನ್ನು 1930ರ ದಶಕದಲ್ಲಿ ಹಾರ್ನೆಟ್‌ಗೆ ಬದಲಿಸಿದವರಿದ್ದರು, ನಿಜ. ಅದರ ಬ್ಲಾಕ್ ಗಟ್ಟಿ ಚೌಕಟ್ಟಿನೊಳಗೆ ಮೇಲೆ-ಕೆಳಗೆ ಜಾರುತ್ತದೆ, ಹಿಂಬದಿಯ ಉಕ್ಕಿಗೇ ಒರಗುತ್ತದೆ. ಅದನ್ನು ತೋರಿಸಿ ಫೇವರಿಟ್‌ಗೆ ಧೈರ್ಯ ತಂದುಕೊಳ್ಳಬೇಡಿ.

ಇನ್ನೊಂದು ಅಪಾಯ ಕಣ್ಣಿಗೆ ಬೀಳುವುದೇ ಇಲ್ಲ. .32 ಎಸ್ ಅಂಡ್ ಡಬ್ಲ್ಯು ಲಾಂಗ್, .32 ಎಚ್ ಅಂಡ್ ಆರ್ ಮ್ಯಾಗ್ನಮ್, .327 ಫೆಡರಲ್ ಮ್ಯಾಗ್ನಮ್, ಈ ಮೂರರ ಕೇಸಿನ ವ್ಯಾಸ ಒಂದೇ, ಉದ್ದ ಮಾತ್ರ ಬೇರೆ. ಹಿಂದಿನ ಮಾಲೀಕ ರೀಮರನ್ನು ತುಸು ಹೆಚ್ಚು ಒಳಗೆ ಇಳಿಸಿದ್ದರೆ, 45,000 ಪೌಂಡು ಒತ್ತಡದ .327 ಸಲೀಸಾಗಿ ಒಳಗೆ ಕೂರುತ್ತದೆ. ಕೂತಿತೆಂದರೆ ಹಾರಿಸಬಹುದು ಎಂದಲ್ಲ. ಈಗಾಗಲೇ ಬದಲಿಸಿದ ರೈಫಲ್ ಕೊಂಡವರು ಅಚ್ಚು ತೆಗೆದು ಚೇಂಬರಿನ ಉದ್ದ ನೋಡದೆ ಒಂದು ತೋಟಾವನ್ನೂ ಹಾಕಬಾರದು.

ಪ್ರಶ್ನೆ: ನನ್ನ ಮಾರ್ಲಿನ್-ಬಲ್ಲಾರ್ಡ್‌ನ ಪಿನ್ ಎರಡು ಬಗೆಯಾಗಿ ಕೂರುವಂತಿದೆ. ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ, ನೀವು ಪುಣ್ಯವಂತರು. ಬಲ್ಲಾರ್ಡ್ ಯಂತ್ರದ ಪೇಟೆಂಟ್ 1861ರದ್ದು. 1875ರಿಂದ ಇದನ್ನು ತಯಾರಿಸಿದ ಮಾರ್ಲಿನ್, ತಿರುಗಿಸಿ ಕೂರಿಸಬಹುದಾದ ಪಿನ್ ಕೊಟ್ಟರು. ಒಂದು ರೀತಿ ಕೂರಿಸಿದರೆ ತುದಿ ಅಂಚಿಗೆ, ತಿರುಗಿಸಿದರೆ ನಡುವಿಗೆ ಬರುತ್ತದೆ. ಆ ಕಾಲದಲ್ಲಿ ಎರಡೂ ಬಗೆಯ ತೋಟಾಗಳು ಮಾರಾಟದಲ್ಲಿದ್ದುದರಿಂದ ಗಿರಾಕಿಗೆ ಸಿಕ್ಕಿದ್ದನ್ನು ಹಾರಿಸಲಿ ಎಂದು ಮಾಡಿದ ಜಾಣ್ಮೆ ಇದು. ಬಿಚ್ಚುವ ಮೊದಲು ಪಿನ್ ಯಾವ ಕಡೆಗಿದೆ ಎಂದು ಚಿತ್ರ ತೆಗೆದಿಟ್ಟುಕೊಳ್ಳಿ. ತುದಿ ಮುರಿದಿದೆಯೇ, ಹಿಂದೊಬ್ಬರು ಅರ ಹಾಕಿ ಮೊಟಕು ಮಾಡಿದ್ದಾರೆಯೇ ಎಂದೂ ನೋಡಿ.

ಪ್ರಶ್ನೆ: ಬದಲಿಸಿದ ಮೇಲೆ ಹಾರಿಸಿದ ಕೇಸಿನಲ್ಲಿ ಪ್ರೈಮರ್ ತುಸು ಹೊರಗೆ ಬಂದಿರುತ್ತದೆ. ಕೇಸಿನ ಹೊರಮೈಯೂ ಕಪ್ಪು. ಒತ್ತಡ ಹೆಚ್ಚಾಯಿತೇ?

ಉತ್ತರ: ಬಹುತೇಕ ತದ್ವಿರುದ್ಧ. ಪ್ರೈಮರ್ ಸಿಡಿದಾಗ ಮೊದಲು ಹಿಂದಕ್ಕೆ ಸರಿದು ಬ್ಲಾಕಿಗೆ ತಾಗುತ್ತದೆ. ಒತ್ತಡ ಸಾಕಷ್ಟಿದ್ದರೆ ಕೇಸೂ ಹಿಂದಕ್ಕೆ ಬಂದು ಪ್ರೈಮರನ್ನು ಮತ್ತೆ ತನ್ನ ಗೂಡಿಗೆ ಒತ್ತಿಕೊಳ್ಳುತ್ತದೆ. ಒತ್ತಡ ಕಡಿಮೆಯಿದ್ದರೆ ಕೇಸು ಇದ್ದಲ್ಲೇ ಇರುತ್ತದೆ, ಪ್ರೈಮರ್ ಹೊರಗೇ ಉಳಿಯುತ್ತದೆ. ಎಷ್ಟು ಹೊರಗಿದೆಯೋ ಅಷ್ಟು ಸಡಿಲ ನಿಮ್ಮ ಬ್ಲಾಕಿಗೂ ಕೇಸಿನ ತಳಕ್ಕೂ ನಡುವೆ ಇದೆ. ಇದಕ್ಕೇ ಹೆಡ್ ಕ್ಲಿಯರೆನ್ಸ್ ಎನ್ನುವುದು. ಹೊರಮೈ ಕಪ್ಪಾಗುವುದಕ್ಕೂ ಕಾರಣ ಇಂಥದ್ದೇ: ಕೇಸು ಹಿಗ್ಗಿ ಚೇಂಬರಿನ ಗೋಡೆಗೆ ಒತ್ತಿಕೊಳ್ಳಲಿಲ್ಲ, ಅನಿಲ ಹಿಂದಕ್ಕೆ ಹರಿಯಿತು. ಕೇಸು ಉಬ್ಬಿದ್ದರೆ, ಸೀಳಿದ್ದರೆ, ಪ್ರೈಮರ್ ಚಪ್ಪಟೆಯಾಗಿ ತೂತು ಬಿದ್ದಿದ್ದರೆ ಮಾತ್ರ ಬೇರೆ ಮಾತು. ಆಗ ಅಲ್ಲಿಗೇ ನಿಲ್ಲಿಸಿ.

ಸಡಿಲ ಅಳೆಯುವ ಬಗೆ ಹೀಗೆ. ಪ್ರೈಮರ್ ಇಲ್ಲದ, ಮದ್ದಿಲ್ಲದ, ಅಂಚಿನ ದಪ್ಪ ಅಳೆದಿಟ್ಟ ಖಾಲಿ ಕೇಸಿನ ತಳಕ್ಕೆ ಅಂಟುಪಟ್ಟಿಯ ಒಂದು ಪದರ ಹಚ್ಚಿ, ಸುತ್ತ ಕತ್ತರಿಸಿ, ಚೇಂಬರಿಗೆ ಹಾಕಿ ಬಾಗಿಲು ಮೆಲ್ಲಗೆ ಮುಚ್ಚಿ. ಸಾಮಾನ್ಯ ಪಾರದರ್ಶಕ ಪಟ್ಟಿ ಸುಮಾರು 0.002 ಇಂಚು ದಪ್ಪ, ಆದರೂ ನಿಮ್ಮದನ್ನು ಅಳೆದುಕೊಳ್ಳಿ. ಬಾಗಿಲು ಬಿಗಿಯುವ ತನಕ ಪದರ ಹೆಚ್ಚಿಸುತ್ತ ಹೋಗಿ. ಎರಡು ಮೂರು ಪದರಕ್ಕೆ ಬಿಗಿದರೆ ಒಳ್ಳೆಯದು. ನಾಲ್ಕು ಪದರ ದಾಟಿದರೂ ಮುಚ್ಚಿದರೆ ಕುಶಲಕರ್ಮಿಗೆ ತೋರಿಸಿ. ಬ್ಲಾಕ್ ತಪ್ಪಿರಬೇಕೆಂದೇನಿಲ್ಲ. ಹಳೆಯ ಫೇವರಿಟ್‌ಗಳಲ್ಲಿ ಲಿವರಿನ ಕೊಂಡಿ, ತಿರುಪುಗಳು ಸವೆದಿರುವುದೇ ಹೆಚ್ಚು. ಅಳತೆಗೆ ಕಡೆದ ದಪ್ಪ ಪಿನ್ನುಗಳನ್ನು ಹಾಕಿದರೆ ಸಡಿಲದ ಬಹುಪಾಲು ಅಲ್ಲೇ ಹೋಗುತ್ತದೆ.

ಪ್ರಶ್ನೆ: ನಳಿಕೆಯ ಒಳಗೆಲ್ಲ ತುಕ್ಕಿನ ಗುಳಿ. ಹಳೆಯ ಕಾಲದವರು ಒರೆಸುತ್ತಿರಲಿಲ್ಲವೇ?

ಉತ್ತರ: ಒರೆಸಿದರೂ ಉಳಿಯಲಿಲ್ಲ. ಆಗಿನ ಪ್ರೈಮರ್ ಮಸಾಲೆಯಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸುಟ್ಟ ಮೇಲೆ ಅದು ಉಪ್ಪಾಗಿ ನಳಿಕೆಯೊಳಗೆ ಕೂರುತ್ತದೆ, ಗಾಳಿಯ ಪಸೆ ಹೀರಿ ಉಕ್ಕನ್ನು ತಿನ್ನುತ್ತದೆ. ಉಪ್ಪು ಕರಗುವುದು ನೀರಿಗೆ, ಎಣ್ಣೆಗಲ್ಲ. ಎಣ್ಣೆ ಹಚ್ಚಿ ನಿಶ್ಚಿಂತೆಯಾಗಿ ಮಲಗಿದವರ ರೈಫಲ್ಲೂ ಹಾಳಾಯಿತು. ತುಕ್ಕು ಹಿಡಿಸದ ಪ್ರೈಮರ್‌ಗಳು ಅಮೆರಿಕದ ಅಂಗಡಿಗೆ ಬಂದದ್ದು 1920ರ ದಶಕದ ಉತ್ತರಾರ್ಧದಲ್ಲಿ. ಗುಳಿ ಆಳವಿಲ್ಲದೆ, ತೋಡುಗಳ ಅಂಚು ಇನ್ನೂ ಚೂಪಾಗಿದ್ದರೆ ಸೀಸದ ಗುಂಡಿಗೆ ನಡೆಯುತ್ತದೆ. ಚೇಂಬರಿನಲ್ಲೇ ಗುಳಿಯಿದ್ದರೆ ಕೇಸು ಕಚ್ಚಿಕೊಳ್ಳುತ್ತದೆ. ಆಗ ನಳಿಕೆಯೊಳಗೆ ಹೊಸ ಉಕ್ಕಿನ ಕೊಳವೆ ಕೂರಿಸುವುದೊಂದೇ ದಾರಿ. ಹೊಸ ಚೇಂಬರನ್ನೂ ಆಗಲೇ ಬೇಕಾದ ಅಳತೆಗೆ ಮಾಡಿಸಬಹುದು.

ಪ್ರಶ್ನೆ: ಹೀಗೆ ಬದಲಿಸಿದರೆ ಅಮೆರಿಕದ ಕಾನೂನಿನಲ್ಲಿ ರೈಫಲ್ ಪುರಾತನ ಎಂಬ ಹೆಸರು ಕಳೆದುಕೊಳ್ಳುತ್ತದೆಯೇ?

ಉತ್ತರ: 1968ರ ಗನ್ ಕಂಟ್ರೋಲ್ ಆಕ್ಟ್ ಪ್ರಕಾರ 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದದ್ದು ಪುರಾತನ. ಅಲ್ಲಿ ನೋಡುವುದು ತಯಾರಾದ ವರ್ಷವನ್ನು. ಫೇವರಿಟ್ ಮತ್ತು ರೆಮಿಂಗ್ಟನ್ ನಂ. 4 ಎರಡೂ 20ನೇ ಶತಮಾನದಲ್ಲೂ ಬಹುಕಾಲ ತಯಾರಾದವು, ಆದ್ದರಿಂದ ಹಳೆಯದಾಗಿ ಕಂಡ ಮಾತ್ರಕ್ಕೆ ಪುರಾತನ ಎಂದುಕೊಳ್ಳಬೇಡಿ. ರಾಜ್ಯಗಳ ಕಾನೂನು ಬೇರೆ ಬೇರೆ, ನಿಮ್ಮ ರಾಜ್ಯದ್ದನ್ನು ಮೊದಲು ನೋಡಿ. ತುಕ್ಕು ಹಿಡಿದ ಬಾಯಿಯನ್ನು ಕತ್ತರಿಸಿ ನಳಿಕೆಯನ್ನು 16 ಇಂಚಿಗಿಂತ ಮೋಟು ಮಾಡಿದರೆ ಬೇರೆಯೇ, ಬಹಳ ಕಟ್ಟುನಿಟ್ಟಾದ ಕಾನೂನಿನ ಕೈಗೆ ಸಿಗುತ್ತೀರಿ. ಬೇರೆಯವರ ರೈಫಲ್‌ಗಳನ್ನು ಹಣಕ್ಕೆ ಬದಲಿಸಿಕೊಡುವ ಕಸುಬಿಗೆ ಫೆಡರಲ್ ಲೈಸೆನ್ಸ್ ಬೇಕು. ಬೇರೆ ದೇಶಗಳಲ್ಲಿ ಈ ಬದಲಾವಣೆಗೇ ಮುಂಗಡ ಅನುಮತಿ ಬೇಕಾಗಬಹುದು. ಅದನ್ನು ಕೈಯಲ್ಲಿ ಹಿಡಿದೇ ಕೆಲಸ ಶುರು ಮಾಡಿ.

ಪ್ರಶ್ನೆ: ಕೆಲಸ ಮುಗಿದ ರೈಫಲ್ಲಿನ ಮೇಲೆ ಹೊಸ ತೋಟಾದ ಹೆಸರು ಕೊರೆಸಬೇಕೇ?

ಉತ್ತರ: ಬೇಕೇ ಬೇಕು, ಆದರೆ ಹಳೆಯ ಅಕ್ಷರಗಳನ್ನು ಉಜ್ಜಿ ಅಳಿಸಬಾರದು. ಚೇಂಬರ್ ಬದಲಾಗಿದ್ದರೆ ನಳಿಕೆಯ ಕೆಳಬದಿಯಲ್ಲಿ, ಮರದ ಹಿಡಿಯ ಮುಂದೆ ಕಾಣುವ ಕಡೆ ಹೊಸ ಹೆಸರು ಬರಲಿ. ಬ್ಲಾಕ್ ಮಾತ್ರ ಬದಲಾಗಿದ್ದರೆ ಹೊಸ ಬ್ಲಾಕಿನ ಮೇಲ್ಮುಖದಲ್ಲಿ, ಬಾಗಿಲು ತೆರೆದೊಡನೆ ಕಣ್ಣಿಗೆ ಬೀಳುವಂತೆ ಕೊರೆಸಿ. ಅದರ ಜೊತೆಗೊಂದು ಚೀಟಿ: ಚೇಂಬರಿನ ಅಳತೆ, ನಳಿಕೆಯ ತೋಡಿನ ವ್ಯಾಸ, ಯಾವ ಗುಂಡು, ಕೆಲಸ ಮಾಡಿದ ವರ್ಷ. ಮೂಲ ಬ್ಲಾಕಿನ ಪೊಟ್ಟಣದೊಳಗೇ ಇದನ್ನೂ ಇಡಿ.